ಎಂಟನೇ ಅಧ್ಯಾಯದ ಓದು

ಸಭೆ ಶುರುವಾಗುವ ಹೊತ್ತಿಗೆ ಅವಳು ಪುಸ್ತಕ ಬಿಡಿಸಿದಳು. ‘ಅಧ್ಯಾಯ ಎಂಟು: ಎದುರಿನವರ ಕಷ್ಟ’ ಎಂಬ ತಲೆಬರಹವಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಹಾಳೆ ಮಗುಚಿದಳು, ಮತ್ತೆ ಮಗುಚಿದಳು. ಒಂಬತ್ತನೇ ಅಧ್ಯಾಯ ಬರುವವರೆಗೂ ಎಲ್ಲ ಬೆಳ್ಳಗೆ. ಅಚ್ಚಿನವರ ಎಡವಟ್ಟು. ಇವತ್ತು ಆ ಅಧ್ಯಾಯ ಓದಿ ವಿವರಿಸಬೇಕಾದವಳು ಅವಳೇ. ಪಕ್ಕದಲ್ಲಿದ್ದ ತಾಂತ್ರಿಕ ಮುಖ್ಯಸ್ಥನ ಪ್ರತಿಯನ್ನು ಮೆಲ್ಲಗೆ ಎಳೆದು ನೋಡಿದರೆ ಅದೂ ಹಾಗೇ. ಅದರ ಗುರುತಿನ ರಿಬ್ಬನ್ ಮಾತ್ರ ಹತ್ತನೇ ಅಧ್ಯಾಯದಿಂದ ಇಣುಕುತ್ತಿತ್ತು.

ಕಂಪನಿಯ ಯಜಮಾನರಿಗೆ ಪುಸ್ತಕದ ಹುಚ್ಚು. ತಂತ್ರಜ್ಞಾನ, ನೀತಿ, ಸಹಾನುಭೂತಿ, ಹೊಸ ಬಗೆಯ ನಾಯಕತ್ವ, ಇಂಥ ಯಾವುದರ ಬಗ್ಗೆಯಾದರೂ ಸರಿ, ಯಾರಾದರೂ ‘ಓದಲೇಬೇಕು’ ಎಂದರೆ ಸಾಕು, ಎಲ್ಲರಿಗೂ ಒಂದೊಂದು ಪ್ರತಿ ತರಿಸಿ ಮೇಜಿನ ಮೇಲೆ ಇಡಿಸುವರು. ಅದಕ್ಕೇ ಬೆನ್ನ ಹಿಂದೆ ಅವರು ‘ಮೇಷ್ಟ್ರು’. ಸೋಮವಾರ ಮೇಷ್ಟ್ರು ಬರುವ ಮೊದಲು ರಿಬ್ಬನ್ನನ್ನು ಒಂದಿಷ್ಟು ಮುಂದಕ್ಕೆ ಸರಿಸಿಡುವುದು ಆ ಕಚೇರಿಯಲ್ಲಿ ಕಂಪ್ಯೂಟರ್ ಆನ್ ಮಾಡಿದಷ್ಟೇ ಮಾಮೂಲು. ಅವಳೂ ಸರಿಸಿದವಳೇ, ಸುಳ್ಳೇಕೆ ಹೇಳಬೇಕು. ಆದರೆ ಹೋದ ವಾರ ಮೇಷ್ಟ್ರೇ ಎದೆ ಮುಟ್ಟಿಕೊಂಡು ಹೇಳಿದ್ದರು: “ಎಂಟನೇ ಅಧ್ಯಾಯ ಓದ್ತಾ ನನಗೆ ಕಣ್ಣಲ್ಲಿ ನೀರು ಬಂತು.” ಈಗ ಅವಳಿಗೆ ನಗು ಉಕ್ಕಿತು. ಹಿಂದೆಯೇ ಚಿಕ್ಕಮ್ಮನ ನೆನಪಾಗಿ ನಗು ಇಂಗಿತು.

ಯಂತ್ರಗಳ ತಪ್ಪು ಹುಡುಕುವುದು ಅವಳ ಕೆಲಸ. ಕಂಪನಿ ಮಾಡಿದ್ದ ಹೊಸ ಯಂತ್ರ ನಾಳೆಯಿಂದ ಒಂದು ದೊಡ್ಡ ಆಸ್ಪತ್ರೆಯ ಫೋನ್ ಎತ್ತಲಿತ್ತು. ರೋಗಿ ತನ್ನ ತೊಂದರೆ ಹೇಳಬೇಕು, ಅದು ಡಾಕ್ಟರನ್ನು ಗೊತ್ತುಮಾಡಿ ಕೊಡಬೇಕು. ಮನೆಯಲ್ಲಿ ಒಮ್ಮೆ ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟು ನೋಡಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಚಿಕ್ಕಮ್ಮನಿಗೆ ಮಾತು ಒಂದೊಂದಾಗಿ, ತಡೆದು ತಡೆದು ಬರುತ್ತದೆ. “ನನಗೆ... ಎದೆ...” ಎನ್ನುವಷ್ಟರಲ್ಲಿ ಯಂತ್ರ ಧನ್ಯವಾದ ಹೇಳಿ ಕರೆ ಮುಗಿಸಿತ್ತು. ಅವತ್ತಿಡೀ ಚಿಕ್ಕಮ್ಮ ಬಾಯಿ ಬಿಡಲಿಲ್ಲ. ಇದನ್ನು ತಾಂತ್ರಿಕ ಮುಖ್ಯಸ್ಥನಿಗೆ ಹೇಳಿದರೆ, “ಅಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇರ್ತಾರೆ, ಆಮೇಲೆ ನೋಡ್ಕೊಂಡ್ರಾಯ್ತು” ಎಂದು ಕೈ ತೊಳೆದುಕೊಂಡಿದ್ದ. ಮೇಷ್ಟ್ರಂತೂ ಇವತ್ತು ಬಾಗಿಲಲ್ಲೇ ತಡೆದಿದ್ದರು: “ಮೊದಲು ಓದು ಮುಗೀಲಿ ತಾಯಿ.” ಓದು ಮುಗಿದ ಮೇಲೆ ಅವರು ಕಾರು ಹತ್ತುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

“ಶುರು ಮಾಡಮ್ಮ,” ಎಂದರು ಮೇಷ್ಟ್ರು ಕುರ್ಚಿಗೆ ಒರಗಿ. ಅವರ ಕೈಯಲ್ಲಿ ಕೆಂಪು ಪೆನ್ನಿತ್ತು. ಒಳ್ಳೆಯ ಸಾಲು ಸಿಕ್ಕರೆ ಕೆಳಗೆ ಗೆರೆ ಎಳೆಯುವುದು ಅವರ ಪದ್ಧತಿ.

ಪುಟ ಖಾಲಿ ಎಂದುಬಿಟ್ಟರೆ ಎಲ್ಲರೆದುರು ಮೇಷ್ಟ್ರ ಮಾನ ಹೋಗುತ್ತದೆ. ಆಮೇಲೆ ಚಿಕ್ಕಮ್ಮನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅವಳು ಎದ್ದು ನಿಂತು, ಬೆಳ್ಳನೆಯ ಹಾಳೆಯ ಮೇಲೆ ಬೆರಳಿಟ್ಟು ಓದತೊಡಗಿದಳು. “ಒಂದು ಆಸ್ಪತ್ರೆಗೆ ಫೋನ್ ಎತ್ತುವ ಯಂತ್ರ ಬಂತು. ಒಬ್ಬಾಕೆ ಫೋನ್ ಮಾಡಿದಳು. ಆಕೆಗೆ ಮಾತು ನಿಧಾನ. ಯಂತ್ರಕ್ಕೆ ಕಾಯುವುದು ಗೊತ್ತಿರಲಿಲ್ಲ. ಅದನ್ನು ಮಾಡಿದವರಿಗೆ ಗೊತ್ತಿತ್ತು, ಆದರೆ ಅವರಿಗೆ ಅವಸರವಿತ್ತು. ಆಕೆ ಫೋನನ್ನು ಕೆಳಗಿಟ್ಟು, ಇನ್ನು ತನ್ನ ಮಾತು ಯಾರಿಗೂ ಬೇಡವೇನೋ ಎಂದುಕೊಂಡಳು.” ಕೊನೆಯ ಸಾಲಿಗೆ ಅವಳ ದನಿ ನಡುಗಿತು.

ಸುತ್ತ ಎಲ್ಲರೂ ಗೋಣು ಆಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವನು ತಾಂತ್ರಿಕ ಮುಖ್ಯಸ್ಥ. “ಮನಸ್ಸು ಮುಟ್ಟೋ ಭಾಗ ಸರ್ ಇದು. ನಾನಂತೂ ಎರಡು ಸಲ ಓದ್ದೆ.”

“ಹೌದು, ಹೌದು, ಚೆನ್ನಾಗಿ ನೆನಪಿದೆ,” ಎಂದು ಮೇಷ್ಟ್ರು ತಮ್ಮ ಪ್ರತಿ ಎತ್ತಿಕೊಂಡರು. “ಗೆರೆ ಎಳೀಬೇಕು. ಯಾವ ಪುಟ ಅದು?”

ಮೇಷ್ಟ್ರು ಒಂದು ಹಾಳೆ ಮಗುಚಿದರು. ಇನ್ನೊಂದು ಮಗುಚಿದರು. ಕಿವಿ ಕೆಂಪಾಯಿತು. ಕನ್ನಡಕದ ಮೇಲಿಂದ ಒಮ್ಮೆ ಇಡೀ ಮೇಜನ್ನು ನೋಡಿದರು. ಬೇರೆ ಯಾರೂ ಪುಸ್ತಕ ತೆರೆದೇ ಇರಲಿಲ್ಲ, ಗೋಣುಗಳು ಮಾತ್ರ ಇನ್ನೂ ಆಡುತ್ತಿದ್ದವು. ಕೊನೆಗೆ ಅವರ ಕಣ್ಣು ಅವಳ ಮೇಲೆ ಬಂದು ನಿಂತಿತು. ಅವಳು ತಲೆ ತಗ್ಗಿಸಲಿಲ್ಲ.

“ಆಕೆ ಯಾರಮ್ಮ?” ಎಂದರು, ತಗ್ಗಿದ ದನಿಯಲ್ಲಿ.

“ನಮ್ಮ ಚಿಕ್ಕಮ್ಮ, ಸರ್.”

ತಾಂತ್ರಿಕ ಮುಖ್ಯಸ್ಥನ ಗೋಣು ಅರ್ಧದಲ್ಲೇ ನಿಂತಿತು. ಮೇಷ್ಟ್ರು ಪುಸ್ತಕವನ್ನು ತೆರೆದಂತೆಯೇ ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಅವಳು ಕಾದಳು. “ನಾಳೆ ಬೇಡ,” ಎಂದರು ಅವರು. “ಯಂತ್ರ ಮೊದಲು ಕಾಯೋದನ್ನ ಕಲೀಲಿ. ಅಲ್ಲೀವರೆಗೆ ಮನುಷ್ಯರೇ ಫೋನ್ ಎತ್ತಲಿ, ಆಸ್ಪತ್ರೆಯವರಿಗೆ ನಾನೇ ಹೇಳ್ತೀನಿ. ಕಲಿತಿದೆಯೋ ಇಲ್ವೋ ಅಂತ ನಿಮ್ಮ ಚಿಕ್ಕಮ್ಮ ನೋಡಿ ಹೇಳ್ಬೇಕು. ಬರ್ತಾರಾ, ಕೇಳು.”

“ಕೇಳ್ತೀನಿ ಸರ್,” ಎಂದಳು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲು ಮರೆತಳು.

“ಈಗ ಅದನ್ನ ಇನ್ನೊಂದ್ಸಲ ಓದು. ನಿಧಾನಕ್ಕೆ.”

ಅವಳು ಓದತೊಡಗಿದಳು. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು, ಖಾಲಿ ಹಾಳೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದರು. ಆಮೇಲೆ ಆ ಗೆರೆಯ ಮೇಲೆ, ಅವಳು ಹೇಳಿದಂತೆ, ಒಂದೊಂದೇ ಮಾತು ಬರೆದುಕೊಳ್ಳತೊಡಗಿದರು.