ಎದುರುಮನೆಯ ವಿಮೆ

ಮನೆ ವಿಮೆ ನವೀಕರಿಸಲು ಬಂದ ಏಜೆಂಟ್ ಕಾಫಿ ಲೋಟ ಕೆಳಗಿಡುವ ಮೊದಲೇ ವನಮಾಲಾ ಕೇಳಿದಳು.

“ಎದುರುಮನೆ ಪ್ರಫುಲ್ಲ ಏನೇನು ಮಾಡಿಸಿದ್ಲು?”

“ಬೇರೆಯವರದ್ದು ಹೇಳಬಾರದು ಮೇಡಂ. ನಿಮಗೆ ಬೆಂಕಿ, ಭೂಕಂಪ ಸಾಕು. ಹೋದ ವರ್ಷದ್ದೇ ಮುಂದುವರಿಸೋಣ.”

“ಅವಳಿಗೂ ಅಷ್ಟೇನಾ?”

ಏಜೆಂಟ್ ತಡವರಿಸಿದ. “ಅವರು ಈ ಸಲ ಕಳ್ಳತನದ್ದೂ ಸೇರಿಸಿದ್ರು.”

ವನಮಾಲಾಗೆ ಮೈಯೆಲ್ಲ ಉರಿಯಿತು. “ಕದಿಯೋಕೆ ಅವಳ ಮನೇಲಿ ಏನಿದೆ ಮಣ್ಣು! ಬೀರು ಒಳಗಿನ ಲಾಕರ್‌ನಲ್ಲಿರೋದು ಎರಡು ಬೆಳ್ಳಿ ದೀಪ, ಒಂದು ಸವೆದ ಅವಲಕ್ಕಿ ಸರ. ನಂಗೂ ಅದನ್ನೇ ಹಾಕಿ. ಅವಳಿಗಿಂತ ಜಾಸ್ತಿಗೇ ಹಾಕಿ.”

ಏಜೆಂಟ್ ತಲೆಯೆತ್ತಿ ನೋಡಿದ. “ಅವರು ತಗೊಂಡಿದ್ದು ದುಬಾರೀದು ಮೇಡಂ. ಮಾಮೂಲಿದಾದ್ರೆ ಬೀಗ ಒಡೆದು ಕದ್ರೆ ಮಾತ್ರ ಪರಿಹಾರ. ಇದರಲ್ಲಿ ಕೀ ಹಾಕಿ ಬಾಗಿಲು ತೆಗೆದು ಕದ್ರೂ ಸಿಗುತ್ತೆ.”

“ನಂಗೂ ದುಬಾರೀದೇ ಇರಲಿ.”

“ನಿಮ್ಮನೆ ಕೀ ಬೇರೆಯವರ ಹತ್ರ ಇದೆಯಾ? ಇಲ್ದಿದ್ರೆ ಸುಮ್ಮನೆ ದಂಡ.”

“ನಾನ್ಯಾಕೆ ಯಾರಿಗೋ ಕೊಡ್ಲಿ? ಅವಳೇ ಊರಿಗೆ ಹೋಗೋವಾಗ ಗಿಡಕ್ಕೆ ನೀರು ಹಾಕಿ ಅಂತ ನಂಗೆ ಕೊಟ್ಟಿದ್ಲು. ಬಂದಮೇಲೂ ಇಸ್ಕೊಂಡಿಲ್ಲ, ಅಷ್ಟು ನಂಬಿಕೆ.” ವನಮಾಲಾ ಹೆಮ್ಮೆಯಿಂದ ಬಾಗಿಲ ಪಕ್ಕದ ಮೊಳೆ ತೋರಿಸಿದಳು. “ನೋಡಿ, ಅಲ್ಲೇ ನೇತಾಡ್ತಿದೆ.”

ಏಜೆಂಟ್ ಕೀ ಕಡೆ ನೋಡಿದ, ಆಮೇಲೆ ಅವಳ ಕಡೆ.

“ಓ... ಕೀ ವಾಪಸ್ ಕೇಳೋಕೆ ದಾಕ್ಷಿಣ್ಯ ಅಂತಿದ್ರು. ಅದು ನಿಮ್ಮನ್ನೇನಾ?”