ಮೂರನೇ ತಿರುವು

ಐದು ದಿನಗಳ ಸೈಕಲ್ ರೇಸಿನ ಕೊನೆಯ ಬೆಳಿಗ್ಗೆ ತಂಡದ ನಾಯಕ ತನ್ನ ಜೊತೆ ಸವಾರ ಯಮನೂರನನ್ನು ಪಕ್ಕಕ್ಕೆ ಕರೆದ. ನಾಯಕ ಗೆಲ್ಲಲೆಂದು ವರ್ಷಗಳಿಂದ ಅವನ ಮುಂದೆ ಗಾಳಿಗೆ ಎದೆಯೊಡ್ಡಿ ತುಳಿಯುತ್ತ ಬಂದವನು ಯಮನೂರ. ಆದರೆ ಹಿಂದಿನ ಸಂಜೆ ಅವನು ಎದುರಾಳಿ ತಂಡದವರ ಜೊತೆ ನಗುತ್ತ ಚಹಾ ಕುಡಿದದ್ದು ನಾಯಕನ ಕಣ್ಣಿಗೆ ಬಿದ್ದಿತ್ತು.

“ಘಾಟಿನ ಮೂರನೇ ತಿರುವಿನ್ಯಾಗ ನಾ ಎಲ್ಲಾರನ್ನೂ ಬಿಟ್ಟು ಮುಂದ ಜಿಗೀತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಆತ್ರಿ ಅಣ್ಣಾ.”

ಅದು ಅವನನ್ನು ಪರೀಕ್ಷಿಸಲು ಹೇಳಿದ ಸುಳ್ಳು. ನಾಯಕ ಜಿಗಿಯಬೇಕೆಂದುಕೊಂಡಿದ್ದು ಘಾಟಿನ ತುದಿಯಲ್ಲಿ.

ಮೂರನೇ ತಿರುವು ಬರುವ ಮೊದಲೇ ಎದುರಾಳಿಗಳು ನಾಯಕನನ್ನು ತಡೆಯಲು ಮುನ್ನುಗ್ಗಿ, ಜೀವ ಹೋಗುವಂತೆ ಪೆಡಲ್ ತುಳಿದರು. ತುದಿಗೆ ಬರುವಷ್ಟರಲ್ಲಿ ಅವರ ಕಾಲುಗಳು ಸೋತಿದ್ದವು. ನಾಯಕ ಅಲ್ಲಿ ಜಿಗಿದು ಒಬ್ಬನೇ ಗುರಿ ಮುಟ್ಟಿದ. ರೇಸ್ ಗೆದ್ದ.

ಕೊರಳಲ್ಲಿ ಹಾರ ಇರುವಾಗಲೇ ಅವನು ಯಮನೂರನ ಕಾಲರ್ ಹಿಡಿದ.

“ನಮ್ಮ ಗುಟ್ಟು ಅವರಿಗೆ ಮಾರಿದಿ ಹೌದಲ್ಲೋ? ನಾಳಿಂದ ನೀ ಈ ಟೀಮಿನ್ಯಾಗ ಇರೂದಿಲ್ಲ.”

“ಅವರಿಗೆ ನಾನ ಹೇಳೀನ್ರಿ,” ಎಂದ ಯಮನೂರ. “ಸುಳ್ಳಂತ ಗೊತ್ತಿದ್ದೇ ಹೇಳೀನಿ. ಇಷ್ಟು ವರ್ಷದಾಗ ನೀವು ನನಗ ಒಮ್ಮೆಯಾದ್ರೂ ಖರೇ ಜಾಗಾ ಹೇಳೀರೇನ್ರಿ, ಅಣ್ಣಾ?”