ಚೊಂಬಿನ ಪರೀಕ್ಷೆ

“ಕಿವಿ ಕೇಳುದಿಲ್ಲ ಅಂತೀರಾ? ಈಗಲೇ ತೋರಿಸ್ತೇನೆ, ನೋಡಿ ಬೇಕಾದ್ರೆ!” ಎನ್ನುತ್ತಾ ಸುಬ್ರಾಯರು ಒಳಗೆ ಹೋಗಿ ಹಿತ್ತಾಳೆಯ ಚೊಂಬು ಹಿಡಿದು ಬಂದರು. ತಾವು ಆಫೀಸರಾಗಿದ್ದ ಬ್ಯಾಂಕು ಸರಕಾರದ್ದಾದ ಮರುವರ್ಷ ಮಟ್ಟಾಂಚೇರಿಯಿಂದ ತಿರುವನಂತಪುರಕ್ಕೆ ವರ್ಗವಾಗಿ, ಶ್ರೀಕಾರ್ಯಂ ಬಡಾವಣೆಯ ಈ ಬಾಡಿಗೆ ಮನೆಗೆ ಬಂದು ಎರಡೇ ದಿನವಾಗಿತ್ತು. ಪಾತ್ರೆಯ ಗೋಣಿಗಳ ಬಾಯಿ ಇನ್ನೂ ಬಿಚ್ಚಿರಲಿಲ್ಲ. ಚೊಂಬು ಮಾತ್ರ ಎಲ್ಲಕ್ಕಿಂತ ಮೊದಲೇ ಹೊರಬಂದಿತ್ತು.

ಕನ್ನಡದವರು ಬಂದಿದ್ದಾರೆಂಬ ಖುಷಿಗೆ ಉಪ್ಪಿಟ್ಟು ತಂದಿದ್ದ ಪಕ್ಕದ ಮನೆಯ ರಾಜಲಕ್ಷ್ಮಿಗೆ ಪೆಚ್ಚೆನಿಸಿತು. “ತಪ್ಪು ತಿಳ್ಕೋಬೇಡಿ. ಪಾಪೂನ ಮೂರು ಸಲ ಕೂಗಿದೆ, ತಿರುಗಲೇ ಇಲ್ಲ. ಮೂರು ವರ್ಷ ಅಂತೀರಿ, ಒಂದು ಮಾತೂ ಇಲ್ಲ. ಮೈಸೂರಲ್ಲಿ ನಮ್ಮ ನಾದಿನಿ ಮಗೂಗೂ ಹೀಗೇ ಇತ್ತು ಕಣ್ರೀ. ಎರಡು ವರ್ಷಕ್ಕೇ ಕಿವಿಗೆ ಮಿಷನ್ನು ಹಾಕ್ಸಿದ್ರು, ಈಗ ಅಮ್ಮಾ ಅಂತಾಳೆ. ತಡ ಆದಷ್ಟೂ ಮಾತು ಬರೋದು ಕಷ್ಟವಂತೆ.”

ಮಗುವಿನ ತಾಯಿ ಕುಸುಮಾವತಿ ಬಾಗಿಲಲ್ಲಿ ನಿಂತಿದ್ದಳು. ತಡ ಎಂಬ ಮಾತು ಅವಳಿಗೆ ಹೊಸದಲ್ಲ. ದೋಣಿ ಹತ್ತಿ ಎರ್ನಾಕುಲದ ಆಸ್ಪತ್ರೆಗೆ ಒಮ್ಮೆ ಹೋಗಿಬರುವ ಎಂದು ಒಂದೂವರೆ ವರ್ಷದಿಂದ ಗಂಡನ ಹಿಂದೆ ಬಿದ್ದಿದ್ದಳು. ಹೇಳಿದಾಗಲೆಲ್ಲ ಈ ಹಾಳು ಚೊಂಬು ಹೊರಬರುತ್ತಿತ್ತು. ಮಟ್ಟಾಂಚೇರಿಯಲ್ಲಿ ಅವರಿದ್ದದ್ದು ಕರಿಮೆಣಸಿನ ಗೋದಾಮಿನ ಮೇಲಿನ ಮಾಳಿಗೆ. ಸುಬ್ರಾಯರು ಮಗುವಿನ ಬೆನ್ನ ಹಿಂದೆ ನಿಂತು ಚೊಂಬು ಬೀಳಿಸುತ್ತಿದ್ದರು. ವಿಜಯಶ್ರೀ ತಟ್ಟನೆ ತಿರುಗುತ್ತಿದ್ದಳು. ಅಪ್ಪ ಚಪ್ಪಾಳೆ ತಟ್ಟಿದರೆ ಮಗಳು ಕೇಕೆ ಹಾಕುತ್ತಿದ್ದಳು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಇದೊಂದು ಪ್ರದರ್ಶನ.

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮಾರಾಯ್ತಿ?” ಎನ್ನುತ್ತಿದ್ದರು. “ಕೆಲಸದವಳದ್ದು ಮಲಯಾಳ, ನಿನ್ನದು ಕನ್ನಡ. ಮಗು ಯಾವುದು ಅಂತ ಮಾತಾಡುದು?” ಆ ಕೆಲಸದ ನಾಣಿಯಮ್ಮ ಒಂದು ದಿನ ಮಗುವಿನ ಕಿವಿಯ ಬಳಿ ಚಿಟಿಕೆ ಹೊಡೆದು ನೋಡಿ, “ಕುಟ್ಟಿಕ್ಕ್ ಚೆವಿ ಕೇಳ್ಕಿಲ್ಲ” ಎಂದು, ಮಗುವಿಗೆ ಕಿವಿ ಕೇಳಿಸದೆಂದೇ ಹೇಳಿಬಿಟ್ಟಳು. ಅವತ್ತೇ ಅವಳ ಕೆಲಸ ಹೋಯಿತು. ಅಕ್ಷರ ಬಾರದ ಹೆಂಗಸು ಬ್ಯಾಂಕಿನ ಆಫೀಸರಿಗೆ ಬುದ್ಧಿ ಹೇಳುವುದುಂಟೇ!

ಈಗ ವಿಜಯಶ್ರೀ ಎಲ್ಲರಿಗೂ ಬೆನ್ನು ಹಾಕಿ ಜಗಲಿಯಲ್ಲಿ ಕೂತು, ಅಂಗಳದಲ್ಲಿ ಹೆಕ್ಕಿದ ಕೆಂಪು ಮಂಜಾಡಿ ಕಾಳುಗಳನ್ನು ಸಾಲಾಗಿ ಇಡುತ್ತಿದ್ದಳು. ಸುಬ್ರಾಯರು ಮೂರು ಹೆಜ್ಜೆ ಹಿಂದೆ ನಿಂತು ಚೊಂಬು ಬಿಟ್ಟರು.

ಠಣ್ಣೆಂದ ಸದ್ದಿಗೆ ಕಾಂಪೌಂಡಿನ ಗೋಡೆಯ ಕಾಗೆ ಹಾರಿತು. ರಾಜಲಕ್ಷ್ಮಿ ಕಿವಿ ಮುಚ್ಚಿಕೊಂಡರು. ವಿಜಯಶ್ರೀ ಇನ್ನೊಂದು ಕಾಳು ಇಟ್ಟಳು.

“ಆಟದಲ್ಲಿ ಮೈಮರೆತಿದ್ದಾಳೆ” ಎಂದು ಸುಬ್ರಾಯರು ಮತ್ತೆ ಬೀಳಿಸಿದರು. ಮಗು ತಿರುಗಲಿಲ್ಲ. “ರೈಲಿನ ಆಯಾಸ ಇನ್ನೂ ಹೋಗಿಲ್ಲ” ಎಂದವರು ಮೂರನೇ ಸಲ ಬೀಳಿಸಲಿಲ್ಲ, ಎತ್ತಿ ಕುಕ್ಕಿದರು. ಚೊಂಬಿನ ಕಂಠ ನೆಗ್ಗಿತು. ಎದುರು ಮನೆಯವರು ಗೇಟಿಗೆ ಬಂದು ಇಣುಕಿದರು.

ಕುಸುಮಾವತಿ ಮಗುವನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಕಾವಿ ಹಾಕಿ ಉಜ್ಜಿದ ಸಿಮೆಂಟಿನ ನೆಲ. ಅವಳು ಬಗ್ಗಿ ಅಂಗೈಯನ್ನು ಅದರ ಮೇಲಿಟ್ಟಳು.

“ಇನ್ನೊಮ್ಮೆ ಬೀಳಿಸಿ” ಎಂದಳು.

ಅವರು ಬೀಳಿಸಿದರು. ಅವಳ ಕೈಗೆ ಏನೂ ತಿಳಿಯಲಿಲ್ಲ.

“ಅಲ್ಲಿದ್ದದ್ದು ಹಲಗೆಯ ನೆಲ” ಎಂದಳು, ನಿಧಾನವಾಗಿ. “ಚೊಂಬು ಬಿದ್ರೆ ಇಡೀ ಮಾಳಿಗೆ ಅದುರ್ತಿತ್ತು. ಇವಳಿಗೆ ಅದು ಗೊತ್ತಾಗ್ತಿದ್ದದ್ದು ಕಾಲಿಗೆ. ಕಿವಿಗಲ್ಲ.”

ರಾಜಲಕ್ಷ್ಮಿ ಉಪ್ಪಿಟ್ಟಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಮೆಲ್ಲಗೆ ಹೊರಟುಹೋದರು.

ನೆಗ್ಗಿದ ಚೊಂಬು ಸುಬ್ರಾಯರ ಕಾಲು ತಗಲಿ ವಾಲಾಡುತ್ತಾ ಉರುಳಿಹೋಗಿ ಮಗುವಿನ ಹಿಮ್ಮಡಿಗೆ ತಾಗಿತು. ವಿಜಯಶ್ರೀ ತಟ್ಟನೆ ತಿರುಗಿದಳು. ಚೊಂಬು ನೋಡಿದಳು, ಅಪ್ಪನನ್ನು ನೋಡಿದಳು. ಆಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಖ ತುಂಬ ನಗುತ್ತಾ ಅಪ್ಪನ ಎರಡು ಕೈಗಳನ್ನೇ ನೋಡುತ್ತಾ ಕಾದಳು.

“ತಟ್ಟಿ” ಎಂದಳು ಕುಸುಮಾವತಿ. “ಒಂದೂವರೆ ವರ್ಷ ತಟ್ಟಿದ್ದೀರಲ್ಲ, ಇವತ್ತೊಂದು ದಿನ ಯಾಕೆ ಬಿಡ್ತೀರಿ? ತಟ್ಟಿ.”